ಸ್ವಂತ ಗಾಡಿಯಲ್ಲಿ ದೇಶದ ಗಡಿ ದಾಟುವುದು: ದಾವಣಗೆರೆ, ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಶಿ, ಕೇದಾರದ ದಾರಿ ಕೇಳುತ್ತಿದ್ದವರು ಈಗ ನೇಪಾಳದ ಪಶುಪತಿನಾಥ, ಮುಕ್ತಿನಾಥ, ಭೂತಾನಿನ ಪಾರೋ ಅನ್ನುತ್ತಿದ್ದಾರೆ. ಹೈವೇ ಚೆನ್ನಾಗಿದೆ, ಕಾರೂ ಇದೆ, ಕಾಗದಪತ್ರದ್ದೇ ಅನುಮಾನ. ಮದುವೆ ಮನೆಯಲ್ಲಿ, ಗ್ಯಾರೇಜಿನಲ್ಲಿ, ವಾಟ್ಸಾಪಿನಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಒಂದು ವಿಷಯ ಮೊದಲೇ ಗೊತ್ತಿದ್ದರೆ ಮುಂದಿನದೆಲ್ಲ ಸಲೀಸು: ಜನರಿಗೆ ಬೇಕಾದ ಅನುಮತಿ ಬೇರೆ, ಗಾಡಿಗೆ ಬೇಕಾದ ಅನುಮತಿ ಬೇರೆ. ಗಾಡಿಯದನ್ನು ಒಳಗೆ ಹೋಗುವಾಗ ತೆಗೆದುಕೊಂಡರೆ ಸಾಲದು, ಹೊರಗೆ ಬರುವಾಗ ಮುಗಿಸಿಯೂ ಬರಬೇಕು.

## ಮೊದಲ ಅನುಮಾನಗಳು

ಕಾರ್ ತಗೊಂಡು ನೇಪಾಳ, ಭೂತಾನ್‌ಗೆ ಹೋಗೋಕೆ ವೀಸಾ ಬೇಕೇನ್ರೀ?

ಭಾರತದ ಪ್ರಜೆಗಳಿಗೆ ಎರಡೂ ದೇಶಕ್ಕೆ ವೀಸಾ ಬೇಡ. ಆದರೆ ಎರಡರ ರೀತಿ ಬೇರೆ ಬೇರೆ. 1950ರ ಒಪ್ಪಂದದಿಂದಾಗಿ ನೇಪಾಳದ ಗಡಿ ನಮಗೆ ತೆರೆದಿದೆ. ಗುರುತಿನ ಚೀಟಿ ಕಿಸೆಯಲ್ಲಿದ್ದರೆ ನಡೆದೇ ದಾಟಬಹುದು, ಪಾಸ್‌ಪೋರ್ಟಿಗೆ ಸೀಲೂ ಬೀಳುವುದಿಲ್ಲ. ಗಡಿ ದಾಟಲು ಅಲ್ಲಿ ಪರ್ಮಿಟ್ ಬೇಕಾಗುವುದು ಗಾಡಿಗೆ ಮಾತ್ರ. ಭೂತಾನಿನಲ್ಲಿ ಜನರಿಗೂ ಪ್ರವೇಶ ಪರ್ಮಿಟ್ ಬೇಕು, ಗಾಡಿಗೂ ಬೇಕು, ರಾತ್ರಿಗಿಷ್ಟು ಎಂದು ದುಡ್ಡೂ ಕಟ್ಟಬೇಕು.

ಎಲ್ಲಾ ಕಡೆ ಆಧಾರ್ ನಡೀತದೆ, ಅಲ್ಲೂ ನಡೆಯಲ್ವಾ?

ಈ ಪ್ರಶ್ನೆ ಕೇಳದವರೇ ಇಲ್ಲ. ಆಧಾರ್ ಒಂದನ್ನೇ ನಂಬಿಕೊಂಡು ಎರಡು ಸಾವಿರ ಕಿಲೋಮೀಟರ್ ಗಾಡಿ ಓಡಿಸಬೇಡಿ. ಎರಡೂ ದೇಶಕ್ಕೆ ಗಟ್ಟಿ ದಾಖಲೆ ಅಂದರೆ ಪಾಸ್‌ಪೋರ್ಟ್, ಇಲ್ಲವೇ ಚುನಾವಣಾ ಆಯೋಗದ ಗುರುತಿನ ಚೀಟಿ. 15 ವರ್ಷದೊಳಗಿನವರು ಮತ್ತು 65 ದಾಟಿದವರು ಆಧಾರ್ ತೋರಿಸಬಹುದು ಎಂದು ಕೇಂದ್ರ ಗೃಹ ಇಲಾಖೆ 2019ರಲ್ಲಿ ಹೇಳಿದೆ. ನಡುವಿನ ವಯಸ್ಸಿನವರಿಗೆ ಆ ರಿಯಾಯಿತಿ ಇಲ್ಲ. ಭೂತಾನಿಗಾದರೆ ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು. ಮೊಬೈಲಿನಲ್ಲಿರುವ ಫೋಟೋ, ಡಿಜಿಲಾಕರ್ ನಮ್ಮ ಪೊಲೀಸರಿಗೆ ಸರಿ. ಆಚೆಯ ಕೌಂಟರಿನಲ್ಲಿ ಅಸಲು ಕಾರ್ಡನ್ನೇ ಕೇಳುತ್ತಾರೆ.

ಮಕ್ಕಳು ಜೊತೆಗಿದ್ದಾರೆ. ಅವರಿಗೆ ವೋಟರ್ ಐಡಿ ಎಲ್ಲಿಂದ ತರೋಣ?

ಪಾಸ್‌ಪೋರ್ಟ್ ಇದ್ದರೆ ತಕರಾರೇ ಇಲ್ಲ. ಇಲ್ಲದಿದ್ದರೆ, ನೇಪಾಳಕ್ಕೆ 15ರಿಂದ 18ರ ನಡುವಿನ ಹುಡುಗರಿಗೆ ಶಾಲೆಯ ಅಥವಾ ಕಾಲೇಜಿನ ಪ್ರಿನ್ಸಿಪಾಲರು ಕೊಡುವ ಗುರುತಿನ ಪತ್ರ ನಡೆಯುತ್ತದೆ. ಫೋಟೋ ಅಂಟಿಸಿ ಅದರ ಮೇಲೆ ಸೀಲು ಹೊಡೆಸಿಕೊಳ್ಳಿ. ಬೇಸಿಗೆ ರಜೆಯಲ್ಲಿ ಹೊರಡುವವರು ಮಾರ್ಚಿಯಲ್ಲೇ ಮಾಡಿಸಿಕೊಂಡರೆ ಒಳ್ಳೆಯದು, ಏಪ್ರಿಲ್ ನಡುವೆ ಶಾಲೆಗೆ ಹೋದರೆ ಪ್ರಿನ್ಸಿಪಾಲರೂ ಇರುವುದಿಲ್ಲ, ಸೀಲೂ ಸಿಗುವುದಿಲ್ಲ. ಭೂತಾನಿಗೆ ಮಕ್ಕಳ ಜನನ ಪ್ರಮಾಣಪತ್ರದ ಅಸಲು ಪ್ರತಿ ಒಯ್ಯಿರಿ.

ನನ್ನ ಹೆಸರು ಒಂದೊಂದು ಕಾರ್ಡಲ್ಲಿ ಒಂದೊಂದು ಥರ ಇದೆ. ತೊಂದರೆ ಆಗ್ತದಾ?

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಕೃಪೆಯಿಂದ ನಮ್ಮ ಸೀಮೆಯಲ್ಲಿ ಮನೆಗೊಬ್ಬ ತಿಪ್ಪೇಸ್ವಾಮಿ. ಇಂಗ್ಲಿಷಿನಲ್ಲಿ ಬರೆಯುವಾಗ ಡಿಎಲ್‌ನಲ್ಲಿ ಟಿ ಆದಮೇಲೆ ಎಚ್ ಇರುತ್ತದೆ, ವೋಟರ್ ಐಡಿಯಲ್ಲಿ ಇರುವುದಿಲ್ಲ. ಆರ್‌ಸಿಯಲ್ಲಿ ಇನಿಷಿಯಲ್ ಮುಂದೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿಕೊಂಡು ಅಪ್ಪನ ಹೆಸರಾಗಿ ಹಿಂದೆ. ಒಂದಕ್ಷರದ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಪೂರ್ತಿ ಬೇರೆ ಹೆಸರಿನಂತೆ ಕಂಡರೆ ಮಾತ್ರ ಪ್ರಶ್ನೆ ಏಳುತ್ತದೆ. ಅರ್ಜಿಯಲ್ಲಿ ಯಾವ ದಾಖಲೆಯ ನಂಬರ್ ಬರೆಯುತ್ತೀರೋ ಅದರಲ್ಲಿರುವಂತೆಯೇ ಹೆಸರನ್ನೂ ಬರೆಯಿರಿ. ಗಡಿಯ ಕಾಗದಗಳಿಗೆಲ್ಲ ಒಂದೇ ದಾಖಲೆ ಬಳಸಿ, ಒಂದು ಕಡೆ ಪಾಸ್‌ಪೋರ್ಟ್ ಇನ್ನೊಂದು ಕಡೆ ವೋಟರ್ ಐಡಿ ಎಂದು ಬೆರೆಸಬೇಡಿ.

ಗಾಡಿ ಅಪ್ಪಾಜಿ ಹೆಸರಲ್ಲಿದೆ, ಮೇಲೆ ಬ್ಯಾಂಕ್ ಲೋನೂ ಇದೆ. ನಾನು ಓಡಿಸ್ಕೊಂಡು ಹೋಗಬಹುದಾ?

ಹೋಗಬಹುದು, ಆದರೆ ಗಡಿಯ ಕಸ್ಟಮ್ಸಿನವರ ಕಣ್ಣಿನಿಂದಲೂ ಒಮ್ಮೆ ನೋಡಿ. ಅವರಿಗಿರುವ ಭಯ ಒಂದೇ: ಈ ಗಾಡಿ ಒಳಗೆ ಹೋಗಿ ಅಲ್ಲೇ ಮಾರಾಟವಾದರೆ? ಮಾಲೀಕರು ಸೀಟಿನಲ್ಲೇ ಕೂತಿದ್ದರೆ ಆ ಭಯ ಅರ್ಧ ಇಳಿಯುತ್ತದೆ. ಅಪ್ಪಾಜಿ ಬರುವುದಿಲ್ಲವಾದರೆ ಅವರಿಂದ ಒಪ್ಪಿಗೆ ಪತ್ರ ಬರೆಸಿ, ನೋಟರಿ ಮಾಡಿಸಿ, ಅವರ ಗುರುತಿನ ಚೀಟಿಯ ಪ್ರತಿ ಜೊತೆಗಿಟ್ಟುಕೊಳ್ಳಿ. ಪತ್ರ ಇಂಗ್ಲಿಷಿನಲ್ಲಿರಲಿ, ಗಾಡಿ ನಂಬರ್, ಚಾಸಿ ನಂಬರ್, ಓಡಿಸುವವನ ಹೆಸರು, ಹೋಗುವ ದೇಶ ಎಲ್ಲವೂ ಇರಲಿ. ಸಾಲದ ಗಾಡಿಯಾದರೆ ಬ್ಯಾಂಕಿನಿಂದಲೂ ಒಂದು ಪತ್ರ ಕೇಳಿ. ಸ್ನೇಹಿತನ ಕಾರು, ಅದರಲ್ಲೂ ಹೆಸರು ಬದಲಾಯಿಸದ ಸೆಕೆಂಡ್ ಹ್ಯಾಂಡ್ ಕಾರು ಒಯ್ಯಬೇಡಿ ಎನ್ನುವುದು ನನ್ನ ಸಲಹೆ.

## ನೇಪಾಳ

ನಮ್ಮೂರಿಂದ ಹೋಗೋಕೆ ಯಾವ ಗಡಿ ಒಳ್ಳೇದು?

ಹೆಚ್ಚಿನವರು ಹಿಡಿಯುವುದು ಉತ್ತರ ಪ್ರದೇಶದ ಸುನೌಲಿ. ನಾಗ್ಪುರ, ಜಬಲ್ಪುರ, ಪ್ರಯಾಗರಾಜ್, ಗೋರಖಪುರ ದಾಟಿದರೆ ಸುನೌಲಿ, ಅದರಾಚೆಗೆ ಭೈರಹವಾ. ಲುಂಬಿನಿ ಹತ್ತಿರ, ಪೋಖರಾಕ್ಕೂ ಅನುಕೂಲ. ಬಿಹಾರದ ಕಡೆಯಿಂದ ನೇರ ಕಠ್ಮಂಡುವಿಗೆ ಹೋಗುವವರು ರಕ್ಸೌಲ್–ಬೀರ್‌ಗಂಜ್ ಹಿಡಿಯುತ್ತಾರೆ, ಅಲ್ಲಿ ಸರಕು ಲಾರಿಗಳ ಸಾಲು ಜಾಸ್ತಿ. ಉತ್ತರಾಖಂಡ ಮುಗಿಸಿ ಹೋಗುವವರಿಗೆ ಬನ್‌ಬಸಾ, ಡಾರ್ಜಿಲಿಂಗ್ ಕಡೆಯಿಂದ ಬರುವವರಿಗೆ ಪಾನಿಟಂಕಿ. ನಮ್ಮ ದಸರಾ ರಜೆಯಲ್ಲಿ ಹೋಗುವವರಿಗೆ ಒಂದು ಮಾತು: ಅದೇ ಹೊತ್ತಿಗೆ ಅಲ್ಲಿ ದಶೈಂ, ಅವರ ದಸರಾ. ಕಚೇರಿಗಳಲ್ಲಿ ಜನ ಕಡಿಮೆ, ರಸ್ತೆಯಲ್ಲಿ ಜನ ಹೆಚ್ಚು.

ಭನ್ಸಾರ್ ಅಂತಾರಲ್ಲ, ಅದೇನು? ಎಲ್ಲಿ ಮಾಡಿಸೋದು?

ನೇಪಾಳದ ಕಸ್ಟಮ್ಸ್ ಕಚೇರಿಯೇ ಭನ್ಸಾರ್. ಅಲ್ಲಿ ಕೊಡುವ ಚೀಟಿಗೂ ಜನ ಅದೇ ಹೆಸರು ಹೇಳುತ್ತಾರೆ. ಭಾರತದ ನಂಬರ್ ಪ್ಲೇಟಿನ ಗಾಡಿ ಇಷ್ಟು ದಿನ ನೇಪಾಳದೊಳಗೆ ಇರಬಹುದು ಎನ್ನುವ ತಾತ್ಕಾಲಿಕ ಅನುಮತಿ ಅದು. ಊರಿನಿಂದಲೇ ಮಾಡಿಸಿಕೊಂಡು ಹೋಗಬೇಕಾದ್ದಲ್ಲ, ಗಡಿಯಲ್ಲೇ ಆಗುವ ಕೆಲಸ.

ನಮ್ಮ ಕಡೆ ಸಶಸ್ತ್ರ ಸೀಮಾ ಬಲದವರು ಗುರುತಿನ ಚೀಟಿ ನೋಡಿ, ಡಿಕ್ಕಿ ತೆಗೆಸಿ ಬಿಡುತ್ತಾರೆ. ಗೇಟು ದಾಟಿದ ಮೇಲೆ ಸಾಲು ಸಾಲು ಗಾಡಿಗಳ ಜೊತೆ ನುಗ್ಗಿಕೊಂಡು ಮುಂದೆ ಹೋಗಿಬಿಡುವುದು ಸುಲಭ, ಯಾರೂ ಕೈ ಅಡ್ಡ ಹಿಡಿಯದೆಯೂ ಇರಬಹುದು. ಹಾಗೆ ಹೋಗಬೇಡಿ. ಗಾಡಿ ಪಕ್ಕಕ್ಕೆ ಹಾಕಿ, ಆರ್‌ಸಿ, ಡಿಎಲ್, ಗುರುತಿನ ಚೀಟಿ ಮೂರರ ಅಸಲು ಮತ್ತು ಜೆರಾಕ್ಸ್ ಹಿಡಿದು ಭನ್ಸಾರ್ ಕಿಟಕಿಗೆ ಹೋಗಿ. ಎಷ್ಟು ದಿನ ಎಂದು ಕೇಳುತ್ತಾರೆ. ದಿನದ ಲೆಕ್ಕದಲ್ಲಿ ಶುಲ್ಕ, ಬೈಕಿಗೆ ಕಡಿಮೆ, ಕಾರಿಗೆ ಹೆಚ್ಚು. ನಿಮ್ಮ ಯೋಜನೆ ಏಳು ದಿನದ್ದಾದರೆ ಒಂಬತ್ತು ದಿನಕ್ಕೆ ಕಟ್ಟಿ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಆ ಎರಡು ದಿನದ ದುಡ್ಡು ಎಷ್ಟು ಅಗ್ಗ ಎಂದು ಆಗ ತಿಳಿಯುತ್ತದೆ.

ಚೀಟಿ ಕೈಗೆ ಬಂದ ತಕ್ಷಣ ಕಿಟಕಿ ಬಿಟ್ಟು ಕದಲಬೇಡಿ. ಗಾಡಿ ನಂಬರ್ ಸರಿಯಾಗಿ ಬಿದ್ದಿದೆಯೇ ನೋಡಿ. ಕೆಎ 17 ಆದಮೇಲಿನ ಎರಡು ಇಂಗ್ಲಿಷ್ ಅಕ್ಷರಗಳು ಅದಲು ಬದಲಾಗುವುದುಂಟು. ಆಮೇಲೆ ಸಾರಿಗೆ ಇಲಾಖೆಯ ಇನ್ನೊಂದು ಕೌಂಟರ್, ಅದಕ್ಕೆ ಯಾತಾಯಾತ್ ಎನ್ನುತ್ತಾರೆ. ರಸ್ತೆಯಲ್ಲಿ ಗಾಡಿ ಓಡಿಸುವ ಪರವಾನಗಿ ಅಲ್ಲಿ ಸಿಗುತ್ತದೆ. ಎರಡೂ ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಡ್ಯಾಶ್‌ಬೋರ್ಡಿನಲ್ಲಿಡಿ, ದಾರಿಯುದ್ದಕ್ಕೂ ಪೊಲೀಸರು ಕೇಳುತ್ತಾರೆ. ಬೆಳಿಗ್ಗೆ ಹೋಗಿ ಸಂಜೆಯೊಳಗೆ ಗಡಿಯ ಪಕ್ಕದ ಊರು ನೋಡಿಕೊಂಡು ಬರುವವರಿಗೆ ಸುವಿಧಾ ಎಂಬ ಚಿಕ್ಕ ಚೀಟಿಯೂ ಇದೆ, ದೂರದ ಪ್ರಯಾಣಕ್ಕೆ ಅದು ಆಗದು.

ಚೀಟಿ ಮೇಲೆ 2082 ಅಂತ ಬರೆದಿದ್ದಾರೆ. ತಪ್ಪಾಗಿದೆಯಾ?

ತಪ್ಪಿಲ್ಲ. ನೇಪಾಳ ಸರ್ಕಾರ ನಡೆಯುವುದು ವಿಕ್ರಮ ಸಂವತ್‌ನಲ್ಲಿ, ಅದು ಇಂಗ್ಲಿಷ್ ವರ್ಷಕ್ಕಿಂತ ಸುಮಾರು 57 ವರ್ಷ ಮುಂದೆ. ತಿಂಗಳು ಶುರುವಾಗುವುದು ನಮ್ಮ ಇಂಗ್ಲಿಷ್ ತಿಂಗಳ ನಡುವೆ, ವೈಶಾಖ ಅಂದರೆ ಏಪ್ರಿಲ್ ಮಧ್ಯ. ಹಾಗಾಗಿ ಚೀಟಿಯ ಕೊನೆಯ ದಿನವನ್ನು ನೀವೇ ಊಹಿಸಲು ಹೋಗದೆ ಕಿಟಕಿಯಲ್ಲಿರುವವರನ್ನು ಕೇಳಿ, ಹಿಂಬದಿಯಲ್ಲಿ ಇಂಗ್ಲಿಷ್ ತಾರೀಖು ಪೆನ್ನಿನಲ್ಲಿ ಬರೆದುಕೊಳ್ಳಿ. ಗಡಿಯಾರವೂ ನಮಗಿಂತ 15 ನಿಮಿಷ ಮುಂದೆ.

ಎಷ್ಟು ದಿನ ಇಟ್ಕೋಬಹುದು? ಗಾಡಿ ಕೆಟ್ಟು ನಿಂತರೆ?

ಒಂದು ಆರ್ಥಿಕ ವರ್ಷದಲ್ಲಿ ಒಟ್ಟು 30 ದಿನ. ಒಂದೇ ಸಲಕ್ಕಾದರೂ ಸರಿ, ಎರಡು ಮೂರು ಸಲಕ್ಕೆ ಹಂಚಿಕೊಂಡರೂ ಸರಿ. ಅವರ ಆರ್ಥಿಕ ವರ್ಷ ನಮ್ಮಂತೆ ಏಪ್ರಿಲ್ ಒಂದಕ್ಕಲ್ಲ, ಶ್ರಾವಣ ಅಂದರೆ ಜುಲೈ ನಡುವೆ ಶುರುವಾಗುತ್ತದೆ. ಜೂನ್ ಪ್ರವಾಸದ ದಿನಗಳು ಆಗಸ್ಟ್ ಪ್ರವಾಸದ ಲೆಕ್ಕಕ್ಕೆ ಸೇರುವುದಿಲ್ಲ. ದಿನ ಮೀರಿದರೆ ದಂಡ, ತೀರಾ ಮೀರಿದರೆ ಗಾಡಿ ಜಪ್ತಿಯವರೆಗೂ ಹೋಗುತ್ತದೆ. ಗಾಡಿ ಕೆಟ್ಟರೆ ಅವಧಿ ಮುಗಿಯುವ ಮುಂಚೆಯೇ ಕಸ್ಟಮ್ಸ್ ಕಚೇರಿಗೆ ತಿಳಿಸಿ, ಗ್ಯಾರೇಜಿನ ಬಿಲ್ಲು ಇಟ್ಟುಕೊಳ್ಳಿ. ಗಾಡಿಯನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ವಾಪಸ್ ಬರುವ ಯೋಚನೆ ಮಾತ್ರ ಬೇಡ. ಹೊರಗೆ ಬರುವಾಗ ಚೀಟಿಯನ್ನು ಕಸ್ಟಮ್ಸಿನಲ್ಲಿ ತೋರಿಸಿ ದಾಖಲು ಮಾಡಿಸಿ. ಅವರ ಪುಸ್ತಕದಲ್ಲಿ ಗಾಡಿ ಹೊರಗೆ ಬಂದದ್ದು ಬರೆದಿಲ್ಲದಿದ್ದರೆ, ಅವರ ಲೆಕ್ಕಕ್ಕೆ ಅದು ಇನ್ನೂ ನೇಪಾಳದಲ್ಲೇ ಇದೆ.

ಗಡಿಯಲ್ಲಿ ಏಜೆಂಟರು ಮುತ್ತಿಕೊಳ್ತಾರೆ. ಕೊಡೋದಾ ಬಿಡೋದಾ?

ಬೇಡ. ಹಿಂದಿ ಬಂದರೆ ಸಾಕು, ಕೆಲಸ ಆಗುತ್ತದೆ. ಸರ್ಕಾರಿ ಶುಲ್ಕಕ್ಕೆ ರಸೀದಿ ಉಂಟು, ಏಜೆಂಟರ ದುಡ್ಡಿಗೆ ಇಲ್ಲ.

ಮುಕ್ತಿನಾಥಕ್ಕೆ ಬೇರೆ ಪರ್ಮಿಟ್ ಬೇಕಂತೆ?

ಹೌದು. ಮುಕ್ತಿನಾಥ ಅನ್ನಪೂರ್ಣ ಸಂರಕ್ಷಿತ ಪ್ರದೇಶದೊಳಗಿದೆ, ಅದರ ಪ್ರವೇಶ ಪರ್ಮಿಟನ್ನು ಪೋಖರಾದಲ್ಲಿ ಮಾಡಿಸಿಕೊಳ್ಳಬಹುದು. ನಾವೂ ಸೇರಿದಂತೆ ಸಾರ್ಕ್ ದೇಶದವರಿಗೆ 1,000 ನೇಪಾಳಿ ರೂಪಾಯಿ, ಉಳಿದ ವಿದೇಶಿಯರಿಗೆ 3,000. ಇದು ತಲೆಗೊಂದು, ಗಾಡಿಗಲ್ಲ. ಇನ್ನೂ ಮೇಲಿನ ಮುಸ್ತಾಂಗ್ ನಿರ್ಬಂಧಿತ ಪ್ರದೇಶ, ಅದರ ಕಥೆಯೇ ಬೇರೆ. ಪಶುಪತಿನಾಥಕ್ಕೆ ಇಂಥದ್ದೇನೂ ಇಲ್ಲ. ಅಂದಹಾಗೆ ಅಲ್ಲಿನ ಪ್ರಧಾನ ಅರ್ಚಕರ ಪರಂಪರೆ ನಮ್ಮ ಕರ್ನಾಟಕದ ಭಟ್ಟರದ್ದು. ಗರ್ಭಗುಡಿಯ ಮುಂದೆ ಕನ್ನಡ ಕಿವಿಗೆ ಬಿದ್ದರೆ ಬೆಚ್ಚಿಬೀಳಬೇಡಿ.

ದುಡ್ಡು ಎಷ್ಟು, ಯಾವ ನೋಟು?

ನೂರು ಮತ್ತು ಅದಕ್ಕಿಂತ ಚಿಕ್ಕ ನೋಟುಗಳ ಕಟ್ಟು ಒಯ್ಯಿರಿ. 2018ರ ಕೊನೆಗೆ ನೇಪಾಳ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತ್ತು. ಆಮೇಲೆ ನಿಯಮ ಸಡಿಲವಾದರೂ ಅಂಗಡಿಯವರ ಅಂಜಿಕೆ ಅಷ್ಟು ಬೇಗ ಹೋಗುವುದಿಲ್ಲ. ನಮ್ಮ 100 ರೂಪಾಯಿಗೆ ಅವರ 160, ಈ ದರ 1993ರಿಂದ ಅಲುಗಾಡಿಲ್ಲ. ಶುಲ್ಕ ಹೇಳಿದಾಗ ಯಾವ ರೂಪಾಯಿ ಎಂದು ಒಮ್ಮೆ ಕೇಳಿಬಿಡಿ.

ನಮ್ಮ ಇನ್ಶೂರೆನ್ಸ್ ಅಲ್ಲಿ ನಡೆಯುತ್ತಾ?

ಪಾಲಿಸಿಯ ಮೊದಲ ಪುಟದಲ್ಲಿ ಭೌಗೋಳಿಕ ವ್ಯಾಪ್ತಿ ಎಂದು ಒಂದು ಸಾಲಿರುತ್ತದೆ, ಅಲ್ಲಿ ಭಾರತ ಎಂದಷ್ಟೇ ಇದ್ದರೆ ಗಡಿಯಾಚೆ ಆ ಪಾಲಿಸಿ ಬರೀ ಕಾಗದ. ಸ್ವಲ್ಪ ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್ ಈ ಆರು ದೇಶಗಳಿಗೆ ವ್ಯಾಪ್ತಿ ವಿಸ್ತರಿಸಿಕೊಡುವ ವ್ಯವಸ್ಥೆ ಇದೆ. ಪಿ.ಬಿ. ರಸ್ತೆಯ ಏಜೆಂಟರಿಗೆ ಇದನ್ನು ಯಾರೂ ಕೇಳಿಯೇ ಇರುವುದಿಲ್ಲ, ಅದಕ್ಕೇ ಆಗಲ್ಲ ಎನ್ನಬಹುದು. ಕಂಪನಿಯ ಶಾಖೆಗೇ ಹೋಗಿ ಎಂಡಾರ್ಸ್‌ಮೆಂಟ್ ಎಂದು ಕೇಳಿ, ಲಿಖಿತವಾಗಿ ಪಡೆಯಿರಿ. ಡಿಎಲ್ ಬಗ್ಗೆ ಚಿಂತೆ ಬೇಡ, ನಮ್ಮದೇ ಸಾಕು. ಅಲ್ಲೂ ಎಡಬದಿಯ ಸಂಚಾರವೇ.

## ಭೂತಾನ್

ಭೂತಾನ್‌ಗೆ ಸ್ವಂತ ಕಾರಲ್ಲೇ ಹೋಗೋದಾ, ಜೈಗಾಂವ್‌ನಲ್ಲಿ ಬಿಟ್ಟು ಹೋಗೋದಾ?

ಜೈಗಾಂವ್ ನಮ್ಮ ಕಡೆಯ ಗಡಿಯೂರು, ಅದರಾಚೆಗೆ ಭೂತಾನಿನ ಫುಂಟ್ಶೋಲಿಂಗ್. ಲೆಕ್ಕ ಹಾಕಿ ನೋಡಿ. ಭಾರತೀಯ ಪ್ರವಾಸಿಗರಿಗೆ ಸುಸ್ಥಿರ ಅಭಿವೃದ್ಧಿ ಶುಲ್ಕ ರಾತ್ರಿಗೆ ತಲಾ 1,200 ರೂಪಾಯಿ. 2022ರ ಸೆಪ್ಟೆಂಬರ್ 23ರಂದು ದೇಶ ಮತ್ತೆ ತೆರೆದಾಗಿನಿಂದ ಇದೆ. 6ರಿಂದ 12ರೊಳಗಿನ ಮಕ್ಕಳಿಗೆ ಅರ್ಧ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಗಾಡಿಗೆ ದಿನಕ್ಕೆ 4,500. ಗಂಡ, ಹೆಂಡತಿ, ಹತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ ಐದು ರಾತ್ರಿ ಇದ್ದರೆ ಜನರ ಶುಲ್ಕ 15,000. ಆರು ದಿನ ಓಡಾಡಿದ ಕಾರಿನದು 27,000. ಇಡೀ ಸಂಸಾರಕ್ಕಿಂತ ಕಾರೇ ದುಬಾರಿ! ಫುಂಟ್ಶೋಲಿಂಗ್‌ನಲ್ಲಿ ಭೂತಾನಿ ಟ್ಯಾಕ್ಸಿ ಮಾತಾಡಿಕೊಂಡು, ಕಾರನ್ನು ಜೈಗಾಂವ್‌ನ ಲಾಡ್ಜಿನಲ್ಲಿ ರಸೀದಿ ಪಡೆದು ನಿಲ್ಲಿಸುವುದೇ ಹೆಚ್ಚಿನವರಿಗೆ ಸರಿಹೋಗುತ್ತದೆ. ನನ್ನ ಮಟ್ಟಿಗೆ, ಬೈಕಿನಲ್ಲಿ ಅಷ್ಟು ದೂರ ಹೋದವರನ್ನು ಬಿಟ್ಟರೆ ಉಳಿದವರಿಗೆ ಸ್ವಂತ ಗಾಡಿಯ ಹಟದಲ್ಲಿ ಅರ್ಥವಿಲ್ಲ.

ಪರ್ಮಿಟ್ ಮಾಡಿಸೋ ಕ್ರಮ ಹೇಗೆ?

ಆನ್‌ಲೈನಿನಲ್ಲಿ ಮೊದಲೇ ಅರ್ಜಿ ಹಾಕಬಹುದು, ಇಲ್ಲವೇ ಫುಂಟ್ಶೋಲಿಂಗ್‌ನ ವಲಸೆ ಕಚೇರಿಯಲ್ಲಿ ಮಾಡಿಸಬಹುದು. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ, ಫೋಟೋ, ಹೋಟೆಲ್ ಬುಕಿಂಗ್, ಯಾವ ದಿನ ಎಲ್ಲಿ ಎನ್ನುವ ಪಟ್ಟಿ ಬೇಕು. ಥಿಂಪು, ಪಾರೋ ಮಾತ್ರ ಬರೆದು ಆಮೇಲೆ ಪುನಾಖಾಕ್ಕೂ ಹೋಗೋಣ ಎಂದುಕೊಳ್ಳಬೇಡಿ. ಎಲ್ಲ ಊರಿನ ಹೆಸರೂ ಅರ್ಜಿಯಲ್ಲೇ ಇರಲಿ, ಥಿಂಪು ದಾಟಿ ಪುನಾಖಾ ದಾರಿಯ ದೋಚುಲಾ ಘಾಟಿ ಹತ್ತುವ ಮುಂಚೆ ಹೋಂಗ್‌ಚೋದಲ್ಲಿ ತಪಾಸಣೆ ಇದೆ. ಸ್ವಂತ ಗಾಡಿಗೆ ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ, ಡಿಎಲ್ ಕೊಟ್ಟು ಸಾರಿಗೆ ಪ್ರಾಧಿಕಾರದ ಪರ್ಮಿಟ್ ಪಡೆಯಬೇಕು. ಫುಂಟ್ಶೋಲಿಂಗ್ ಬಿಟ್ಟು ಸ್ವಲ್ಪ ಮೇಲೆ ಹತ್ತಿದರೆ ರಿಂಚೆಂಡಿಂಗ್ ಚೆಕ್‌ಪೋಸ್ಟ್, ಅಲ್ಲಿ ಎಲ್ಲ ಕಾಗದ ಮತ್ತೊಮ್ಮೆ ನೋಡುತ್ತಾರೆ. ಹೊಗೆ ತಪಾಸಣೆ ಪತ್ರದ ತಾರೀಖು ಊರು ಬಿಡುವ ಮುಂಚೆಯೇ ನೋಡಿಕೊಳ್ಳಿ. ಅಲ್ಲಿ ಹೊತ್ತು ನಮಗಿಂತ ಅರ್ಧ ಗಂಟೆ ಮುಂದೆ, ನೋಟು ಮಾತ್ರ ಒಂದಕ್ಕೊಂದು ಸಮ.

## ಸ್ವಲ್ಪ ಮುಂದಿನ ಪ್ರಶ್ನೆಗಳು

ಯೆಲ್ಲೋ ಬೋರ್ಡ್ ಟಿಟಿ ಮಾಡ್ಕೊಂಡು ಹದಿನೈದು ಜನ ಹೋಗ್ತಿದ್ದೀವಿ. ಆಲ್ ಇಂಡಿಯಾ ಪರ್ಮಿಟ್ ಇದೆಯಲ್ಲ?

ಅದು ಆಲ್ ಇಂಡಿಯಾಕ್ಕೆ. ಗಡಿಯಾಚೆಗೆ ಅದೊಂದೇ ಸಾಲದು. ಪ್ರಯಾಣಿಕ ವಾಹನಗಳ ಬಗ್ಗೆ ಭಾರತ, ನೇಪಾಳದ ನಡುವೆ 2014ರ ನವೆಂಬರಿನಲ್ಲಿ ಒಪ್ಪಂದವಾಗಿದೆ, ಬಾಡಿಗೆ ಗಾಡಿಗಳಿಗೆ ಅದರಂತೆ ಪ್ರತ್ಯೇಕ ಅನುಮತಿ ಬೇಕು. ಗಾಡಿ ಮಾಲೀಕರು ಊರು ಬಿಡುವ ಮುಂಚೆಯೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಲಿ. ಅಡ್ವಾನ್ಸ್ ಕೊಡುವಾಗಲೇ ನೇಪಾಳದ ಕಾಗದ ಯಾರ ಜವಾಬ್ದಾರಿ ಎಂದು ಬರೆಸಿಕೊಳ್ಳಿ.

ಕಾರ್ನೆ ಅಂದ್ರೇನು? ನಮಗೆ ಬೇಕಾ?

ನೇಪಾಳ, ಭೂತಾನಿಗೆ ಬೇಡ. ಅದರಾಚೆಯ ಅನೇಕ ದೇಶಗಳು ಕೇಳುತ್ತವೆ. ಕಾರ್ನೆ ಅಂದರೆ ಗಾಡಿಯ ಪಾಸ್‌ಪೋರ್ಟ್ ಇದ್ದ ಹಾಗೆ. ಗಾಡಿಯನ್ನು ಅಲ್ಲಿ ಮಾರುವುದಿಲ್ಲ, ವಾಪಸ್ ತರುತ್ತೇನೆ, ತರದಿದ್ದರೆ ಸುಂಕ ಈ ಠೇವಣಿಯಿಂದ ಹಿಡಿದುಕೊಳ್ಳಿ ಎನ್ನುವ ಖಾತರಿ. ಪ್ರತಿ ಹಾಳೆಯಲ್ಲೂ ಮೂರು ಭಾಗ: ಒಂದನ್ನು ಒಳಗೆ ಹೋಗುವಾಗ ಕಸ್ಟಮ್ಸಿನವರು ಹರಿದುಕೊಳ್ಳುತ್ತಾರೆ, ಒಂದನ್ನು ಹೊರಬರುವಾಗ, ಮೂರನೆಯದು ಎರಡೂ ಸೀಲಿನೊಂದಿಗೆ ನಿಮ್ಮಲ್ಲೇ ಉಳಿಯುತ್ತದೆ. ಹೊರಬರುವ ಸೀಲು ಬೀಳದಿದ್ದರೆ ಠೇವಣಿ ಸಿಕ್ಕಿಬಿತ್ತು ಎಂದೇ ಅರ್ಥ. ಅವಧಿ ಒಂದು ವರ್ಷ. ಮುಂಬೈನ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್, ಚೆನ್ನೈನ ದಕ್ಷಿಣ ಭಾರತ ಆಟೋಮೊಬೈಲ್ ಸಂಘದಂಥವು ಕೊಡುತ್ತವೆ. ಜೊತೆಗೆ ಆರ್‌ಟಿಓ ಕೊಡುವ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಬೇಕು, ಅದೂ ಒಂದು ವರ್ಷದ್ದು.

ಮಣಿಪುರದಿಂದ ಥಾಯ್ಲೆಂಡ್‌ಗೆ ರೋಡ್ ಆಗಿದೆಯಂತಲ್ಲ?

ಮೋರೆಯಿಂದ ಮ್ಯಾನ್ಮಾರ್ ಮೂಲಕ ಥಾಯ್ಲೆಂಡಿನ ಮೇ ಸೋಟ್‌ವರೆಗೆ ಸುಮಾರು 1,360 ಕಿಲೋಮೀಟರಿನ ತ್ರಿಪಕ್ಷೀಯ ಹೆದ್ದಾರಿಯ ಯೋಜನೆ ಅದು. 2021ರಲ್ಲಿ ಮ್ಯಾನ್ಮಾರಿನಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಒಳಗೆಲ್ಲ ಕಾಳಗ. ರಸ್ತೆ ನಕ್ಷೆಯಲ್ಲಿರುವುದು ಬೇರೆ, ನಾವು ಸಂಸಾರ ಸಮೇತ ಹೋಗುವುದು ಬೇರೆ. ಸದ್ಯಕ್ಕೆ ಬಿಟ್ಟುಬಿಡಿ.

## ಮಕ್ಕಳು ಅಮೆರಿಕದಲ್ಲಿರುವವರಿಗೆ

ಮಗಳ ಮನೆಗೆ ಹೋಗಿದ್ದೀವಿ, ಅಮೆರಿಕ ವೀಸಾ ಹತ್ತು ವರ್ಷದ್ದಿದೆ. ಅವಳ ಕಾರಲ್ಲೇ ಕೆನಡಾ ಕಡೆಯ ನಯಾಗರಾ ನೋಡ್ಕೊಂಡು ಬರಬಹುದಾ?

ಜಲಪಾತ ಒಂದೇ, ದೇಶ ಎರಡು. ಸೇತುವೆ ದಾಟಲು ಭಾರತೀಯ ಪಾಸ್‌ಪೋರ್ಟಿನವರಿಗೆ ಕೆನಡಾದ ಪ್ರವಾಸಿ ವೀಸಾ ಬೇಕು, ಅಮೆರಿಕದ ವೀಸಾ ಅಲ್ಲಿ ನಡೆಯುವುದಿಲ್ಲ. ಊರಿನಿಂದ ಹೊರಡುವ ಮುಂಚೆಯೇ ಅರ್ಜಿ ಹಾಕಿ. ಮಗಳಿಗೆ ಗ್ರೀನ್ ಕಾರ್ಡ್ ಇದ್ದರೆ ಪಾಸ್‌ಪೋರ್ಟ್ ಮತ್ತು ಆ ಕಾರ್ಡ್ ಸಾಕು. ಬರೀ ಎಚ್1ಬಿ ಎಂಬ ಕೆಲಸದ ವೀಸಾ ಆದರೆ ಅವಳಿಗೂ ಕೆನಡಾ ವೀಸಾ ಬೇಕು. ಪಾಸ್‌ಪೋರ್ಟಿನಲ್ಲಿರುವ ಎಚ್1ಬಿ ಸ್ಟ್ಯಾಂಪ್ ಅವಧಿ ಮುಗಿದಿದ್ದರೂ, ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಎನ್ನುವ ಐ-94 ದಾಖಲೆ ಚಾಲ್ತಿಯಲ್ಲಿದ್ದು, ಕೆನಡಾ ಅಥವಾ ಮೆಕ್ಸಿಕೋದಲ್ಲಿ 30 ದಿನದೊಳಗೆ ಇದ್ದು ಬಂದರೆ ಸಾಮಾನ್ಯವಾಗಿ ಅಮೆರಿಕಕ್ಕೆ ಮರಳಿ ಸೇರಿಸಿಕೊಳ್ಳುವ ನಿಯಮವಿದೆ. ಅಲ್ಲಿದ್ದಾಗ ಹೊಸ ಅಮೆರಿಕ ವೀಸಾಕ್ಕೆ ಅರ್ಜಿ ಹಾಕಿದರೆ ಮಾತ್ರ ಆ ಸೌಲಭ್ಯ ಹೋಯಿತು.

ಅಳಿಯ ಟೆಕ್ಸಾಸ್‌ನಿಂದ ಮೆಕ್ಸಿಕೋಗೆ ಕಾರಲ್ಲಿ ಕರ್ಕೊಂಡು ಹೋಗ್ತೀನಿ ಅಂತಾನೆ. ಅಲ್ಲಿ ಏನೇನು ಬೇಕು?

ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದರೆ ಭಾರತೀಯರಿಗೆ ಮೆಕ್ಸಿಕೋ ವೀಸಾ ಬೇಡ. ಆದರೆ ಎಫ್‌ಎಂಎಂ ಎಂಬ ಪ್ರವಾಸಿ ಪರ್ಮಿಟ್ ಬೇಕು. ಕಾರಿನಲ್ಲಿ ದಾಟುವಾಗ ಯಾರೂ ತಡೆಯದೆ ಊರೊಳಗೇ ಬಿಟ್ಟುಬಿಡಬಹುದು, ಅದಕ್ಕೇ ನೀವೇ ನಿಲ್ಲಿಸಿ ವಲಸೆ ಕಚೇರಿ ಹುಡುಕಿಕೊಂಡು ಹೋಗಿ ಮಾಡಿಸಬೇಕು. ನೆಲದ ಮೂಲಕ ಹೋಗಿ ಏಳು ದಿನದೊಳಗೆ ಬರುವವರಿಗೆ ಶುಲ್ಕವಿಲ್ಲ. ಗಡಿಯಂಚಿನ ಪ್ರದೇಶ ದಾಟಿ ಒಳಗೆ ಹೋಗುವುದಾದರೆ ಕಾರಿಗೆ ತಾತ್ಕಾಲಿಕ ಆಮದು ಪರ್ಮಿಟ್ ಬೇಕು, ಬಾಹಾ ಕ್ಯಾಲಿಫೋರ್ನಿಯಾ ಮತ್ತು ಸೊನೋರಾದ ಒಂದು ಭಾಗಕ್ಕೆ ವಿನಾಯಿತಿ ಇದೆ. ಇದನ್ನು ಕೊಡುವುದು ಬಾನ್ಹೆರ್ಸಿತೋ ಎಂಬ ಬ್ಯಾಂಕು. 2007 ಮತ್ತು ನಂತರದ ಮಾಡೆಲ್‌ಗೆ 400 ಡಾಲರ್, 2001ರಿಂದ 2006ರದಕ್ಕೆ 300, ಅದಕ್ಕೂ ಹಳೆಯದಕ್ಕೆ 200 ಠೇವಣಿ. ಸಾಲದ ಕಾರಿಗೆ ಬ್ಯಾಂಕಿನ ಪತ್ರ ಅಲ್ಲೂ ಕೇಳುತ್ತಾರೆ. ಅಮೆರಿಕದ ವಿಮೆ ಅಲ್ಲಿ ಲೆಕ್ಕಕ್ಕಿಲ್ಲ, ಮೆಕ್ಸಿಕೋದ್ದೇ ಕೊಳ್ಳಬೇಕು.

ವಾಪಸ್ ಬರುವಾಗ ಬಾನ್ಹೆರ್ಸಿತೋ ಕೌಂಟರಿನಲ್ಲಿ ಕಾರು ತೋರಿಸಿ ಪರ್ಮಿಟ್ ರದ್ದು ಮಾಡಿಸಿದರೆ ಠೇವಣಿ ಮರಳಿ ಸಿಗುತ್ತದೆ. ಸೇತುವೆಯ ಸಾಲಿಗೆ ಒಮ್ಮೆ ಸೇರಿಬಿಟ್ಟರೆ ಹಿಂದೆ ತಿರುಗುವುದು ಕಷ್ಟ, ಆ ಕಚೇರಿ ಎಲ್ಲಿದೆ ಎಂದು ಒಳಗೆ ಹೋಗುವ ದಿನವೇ ನೋಡಿಟ್ಟುಕೊಳ್ಳಲು ಅಳಿಯನಿಗೆ ಹೇಳಿ.